ಬಾನೆಟ್ಟಿನ ಎರಡು ಬದಿ: ಹಳೆಯ ಕಾರಿನ ಹವ್ಯಾಸ ಮತ್ತು ಇಳಿವಯಸ್ಸು

ಹಳೆಯ ಕಾರುಗಳ ಹವ್ಯಾಸವನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಕಾರನ್ನೇ ನಡುವೆ ನಿಲ್ಲಿಸಿಕೊಂಡು ಮಾತನಾಡುತ್ತವೆ. ಅದು ಯಾವ ಸಂಸ್ಥಾನದ ಅರಸನ ಸ್ವತ್ತಾಗಿತ್ತು, ಯಾವ ವರ್ಷ ತಯಾರಾಯಿತು, ಈಗ ಎಷ್ಟು ಬೆಲೆ ಬಾಳುತ್ತದೆ ಎಂಬ ವಿವರಗಳು ಅಲ್ಲಿ ತುಂಬಿರುತ್ತವೆಯೇ ಹೊರತು, ಆ ಕಾರಿನ ಸುತ್ತ ನಿಂತವರಲ್ಲಿ ಅನೇಕರು ಅರವತ್ತು ದಾಟಿದವರೆಂಬ ಸಂಗತಿ ಬರಹಗಾರರ ಗಮನಕ್ಕೆ ಬರುವುದು ಅಪರೂಪ. ಉದ್ಯೋಗ ಮುಗಿದ ಮೇಲಿನ ದಿನಗಳಿಗೆ ಈ ಹವ್ಯಾಸ ಏನನ್ನು ಕೊಡುತ್ತದೆ, ಯಾರಿಗೆ ಕೊಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದರ ಬೆಲೆಯೂ ಕೊರತೆಯೂ ಬೇರೆ ರೀತಿಯಲ್ಲಿ ಕಾಣಿಸುತ್ತವೆ. ಈ ಪರೀಕ್ಷೆಗೆ ಮುಂಬಯಿಯ ಪೂರ್ವ ಉಪನಗರವಾದ ವಿಕ್ರೋಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಏಕೆಂದರೆ ಅಲ್ಲಿ ವಿಂಟೇಜ್ ಕಾರುಗಳ ಒಡೆಯರು ವಿರಳ, ಆದರೆ ಯಂತ್ರಗಳೊಡನೆ ಜೀವಮಾನ ಕಳೆದು ನಿವೃತ್ತರಾದವರು ಬೀದಿಗೊಬ್ಬರಂತೆ ಇದ್ದಾರೆ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 1919ರಿಂದ 1930ರವರೆಗೆ ತಯಾರಾದ ವಾಹನಗಳನ್ನು ಮಾತ್ರ ವಿಂಟೇಜ್ ವರ್ಗಕ್ಕೆ ಸೇರಿಸುತ್ತದೆ. ಅದಕ್ಕೆ ಹಿಂದಿನವನ್ನೂ ಮುಂದಿನವನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತದೆ. ಭಾರತದ ಕಾನೂನು ಇಷ್ಟು ಸೂಕ್ಷ್ಮಕ್ಕೆ ಹೋಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಐವತ್ತು ವರ್ಷ ತುಂಬಿದ, ಚಾಸಿಯಲ್ಲಾಗಲಿ ಬಾಡಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಹೆಚ್ಚಿನ ಮಾರ್ಪಾಡು ಮಾಡದೆ ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನವೇ ವಿಂಟೇಜ್ ವಾಹನ. ಈ ಲೆಕ್ಕ ಒಣ ಲೆಕ್ಕವೆಂದು ತೋರಬಹುದಾದರೂ ಅದರ ಫಲ ದೊಡ್ಡದು. 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಕಾರಿನ ಮೊದಲ ವರ್ಷದ ವಾಹನಗಳು 2024ರಲ್ಲಿ ಈ ಗಡಿಯನ್ನು ದಾಟಿದವು. ಅಲ್ಲಿಯವರೆಗೆ ಬಹುಮಟ್ಟಿಗೆ ರೋಲ್ಸ್ ರಾಯ್ಸ್, ಪ್ಯಾಕಾರ್ಡ್, ಬ್ಯೂಕ್ ಕಾರುಗಳ ಒಡೆಯರಿಗೆ ಸೇರಿದ್ದ ಪಂಗಡದೊಳಕ್ಕೆ, ಡಾಕ್ಟರು, ಕ್ಲಾರ್ಕು, ಹೋಟೆಲಿನ ಯಜಮಾನ ಕಂತಿನಲ್ಲಿ ಕೊಂಡು ಓಡಿಸಿದ, ಮುಂಬಯಿಯ ರಸ್ತೆಗಳಲ್ಲಿ ಕಪ್ಪು–ಹಳದಿ ಟ್ಯಾಕ್ಸಿಯಾಗಿ ಲಕ್ಷಾಂತರ ಮಂದಿಯನ್ನು ಹೊತ್ತ ಕಾರು ಕಾನೂನಿನ ಮೂಲಕವೇ ಕಾಲಿಟ್ಟಿತು. ಅದಕ್ಕೆ ಒಂದು ವರ್ಷದ ಹಿಂದೆ, 2023ರ ಅಕ್ಟೋಬರ್ 30ರಂದು, ಟ್ಯಾಕ್ಸಿಗಳಿಗೆ ವಿಧಿಸಿದ್ದ ಇಪ್ಪತ್ತು ವರ್ಷಗಳ ವಯೋಮಿತಿಯಿಂದಾಗಿ ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಯನ್ನು ಬಿಟ್ಟಿತ್ತು.

ಈ ಕಾರು ಹುಟ್ಟಿದ್ದು ವಿಕ್ರೋಳಿಯ ನೆರೆಯಲ್ಲೇ. ವಾಲ್‌ಚಂದ್ ಹಿರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕಾರ್ಖಾನೆ ಕುರ್ಲಾದಲ್ಲಿತ್ತು. ಮಧ್ಯ ರೈಲ್ವೆಯಲ್ಲಿ ಕುರ್ಲಾದ ನಂತರ ವಿದ್ಯಾವಿಹಾರ, ಘಾಟ್ಕೋಪರ, ಆಮೇಲೆ ವಿಕ್ರೋಳಿ. ಹಿಂದೆ ಆಗ್ರಾ ರೋಡ್ ಎನಿಸಿಕೊಂಡಿದ್ದ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ ಸಾಲುಗಟ್ಟಿದ್ದ ಕಾರ್ಖಾನೆಗಳಲ್ಲಿ ದುಡಿಯಲು ಕರಾವಳಿಯಿಂದ, ಉತ್ತರ ಕರ್ನಾಟಕದಿಂದ, ಕೊಂಕಣದಿಂದ ಬಂದವರು ಈ ಪಟ್ಟಿಯುದ್ದಕ್ಕೂ ನೆಲೆಸಿದರು. ಪಿರೋಜ್‌ಷಾ ಗೋದ್ರೆಜ್ 1943ರಲ್ಲಿ ಕೊಂಡ ವಿಕ್ರೋಳಿಯ ವಿಶಾಲ ಭೂಮಿಯಲ್ಲಿ ಬೆಳೆದ ಕಾರ್ಖಾನೆಗಳು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಉಕ್ಕಿನ ಮತಪೆಟ್ಟಿಗೆಗಳನ್ನು ಮಾಡಿಕೊಟ್ಟವು. ಮುಂದೆ ಬೀರು, ಬೀಗ, ಬೆರಳಚ್ಚು ಯಂತ್ರ, ಶೀತಕ ಪೆಟ್ಟಿಗೆಗಳಿಂದ ಹಿಡಿದು ರಾಕೆಟ್ಟಿನ ಎಂಜಿನ್ ಭಾಗಗಳವರೆಗೂ ಹೋದವು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಅನಂತರ ಫಿಟ್ಟರ್, ಟರ್ನರ್, ಟೂಲ್‌ರೂಮ್ ಕೆಲಸಗಾರರಾದ ಮುಂಬಯಿ ಕನ್ನಡಿಗರ ಪೀಳಿಗೆಯೊಂದು ಹೀಗೆ ರೂಪುಗೊಂಡಿತು. ಅರವತ್ತಕ್ಕೆ, ಹಲವೆಡೆ ಐವತ್ತೆಂಟಕ್ಕೇ, ಗೇಟಿನಿಂದ ಹೊರಬಂದ ಈ ಪೀಳಿಗೆಯ ಬೆರಳುಗಳಲ್ಲಿ ಮಿಲಿಮೀಟರಿನ ನೂರರಲ್ಲೊಂದು ಭಾಗದ ಅಂದಾಜು ಇನ್ನೂ ಇದೆ, ಆದರೆ ಅದನ್ನು ಬಳಸುವ ಸಂದರ್ಭವಿಲ್ಲ.

ಮುಂಬಯಿಯಲ್ಲಿ ಹಳೆಯ ಕಾರಿನ ಹವ್ಯಾಸ ಸಾರ್ವಜನಿಕರಿಗೆ ಕಾಣಸಿಗುವುದು ಮುಖ್ಯವಾಗಿ ರ‍್ಯಾಲಿಯಾಗಿ. 1919ರಲ್ಲಿ ಹುಟ್ಟಿದ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ನಿನಂಥ ಹಿರಿಯ ಸಂಸ್ಥೆಯೂ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾವೂ ಈ ಸಂಪ್ರದಾಯವನ್ನು ಹಲವು ದಶಕಗಳಿಂದ ಕಾಪಾಡಿಕೊಂಡು ಬಂದಿವೆ. ಕೋಟೆ ಪ್ರದೇಶದ ಹಾರ್ನಿಮನ್ ಸರ್ಕಲ್‌ನಿಂದ ಹೊರಡುವ ಕಾರುಗಳನ್ನು ನೋಡಲು ಭಾನುವಾರದ ಬೆಳಗ್ಗೆ ಜನ ಸೇರುತ್ತಾರೆ. ಈ ಸಂಸ್ಥೆಗಳು ಇಲ್ಲದಿದ್ದರೆ ಅನೇಕ ಕಾರುಗಳು ಗುಜರಿಗೆ ಹೋಗುತ್ತಿದ್ದವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಳಿವಯಸ್ಸಿನ ಒಡನಾಟದ ದೃಷ್ಟಿಯಿಂದ ನೋಡಿದರೆ ರ‍್ಯಾಲಿ ಈ ಹವ್ಯಾಸದ ದುರ್ಬಲ ರೂಪ. ಅದು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಬಹುಮಾನ ಸಲ್ಲುವುದು ಕಾರಿಗೆ ಮತ್ತು ಕಾರಿನ ಒಡೆಯನಿಗೆ. ಮೂರು ತಿಂಗಳು ಅದರ ಕೆಳಗೆ ಮಲಗಿ ಕೆಲಸ ಮಾಡಿದ ಮಿಸ್ತ್ರಿ ಫೋಟೋದ ಚೌಕಟ್ಟಿನಿಂದ ಆಚೆ ನಿಂತಿರುತ್ತಾನೆ. ಅವನೂ ಅರವತ್ತು ದಾಟಿದವನೇ, ಹಲವೊಮ್ಮೆ ಒಡೆಯನಿಗಿಂತ ಹಿರಿಯ. ಒಂದೇ ಕಾರಿನ ಎರಡು ಬದಿಯಲ್ಲಿರುವ ಇಬ್ಬರು ವೃದ್ಧರಲ್ಲಿ ಒಬ್ಬನಿಗೆ ಮಾತ್ರ ಹವ್ಯಾಸಿಯೆಂಬ ಗೌರವ ದೊರೆಯುವ ಈ ವ್ಯವಸ್ಥೆಯನ್ನು ಒಪ್ಪಿಕೊಳ್ಳುವುದು ಕಷ್ಟ.

ಈ ಹವ್ಯಾಸದ ಸತ್ವವಿರುವುದು ಗ್ಯಾರೇಜಿನಲ್ಲಿ. ಪದ್ಮಿನಿಯ ಬ್ರೇಕನ್ನು ಸರಿಪಡಿಸುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಮನದಟ್ಟಾಗುತ್ತದೆ. ಈ ಕಾರಿನ ಬ್ರೇಕುಗಳು ಕೊಳವೆಯಲ್ಲಿರುವ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಎಣ್ಣೆಯ ನಡುವೆ ಗಾಳಿಯ ಗುಳ್ಳೆ ಸೇರಿಕೊಂಡರೆ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ, ಪೆಡಲು ಮೆತ್ತಗಾಗಿ ತಳಕ್ಕಿಳಿಯುತ್ತದೆ. ಆ ಗಾಳಿಯನ್ನು ಹೊರಹಾಕುವುದಕ್ಕೆ ಗ್ಯಾರೇಜಿನವರು ‘ಏರ್ ತೆಗೆಯುವುದು’ ಎನ್ನುತ್ತಾರೆ. ಒಬ್ಬ ಸೀಟಿನಲ್ಲಿ ಕೂತು ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಕೊನೆಯಲ್ಲಿ ಒತ್ತಿ ಹಿಡಿಯಬೇಕು; ಇನ್ನೊಬ್ಬ ದೂರದ ಚಕ್ರದ ಹಿಂದೆ ಕೂತು ಸಣ್ಣ ನಿಪ್ಪಲನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸಿ, ರಬ್ಬರ್ ಟ್ಯೂಬಿನ ಮೂಲಕ ಗಾಜಿನ ಬಾಟಲಿಗೆ ಬೀಳುವ ಎಣ್ಣೆಯಲ್ಲಿ ಗುಳ್ಳೆ ಬರುತ್ತಿದೆಯೇ ಎಂದು ನೋಡಿ, ಪೆಡಲು ಮೇಲೇಳುವ ಮೊದಲೇ ಅದನ್ನು ಬಿಗಿಗೊಳಿಸಬೇಕು. ಇಬ್ಬರೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದ ಜಾಗದಲ್ಲಿರುತ್ತಾರೆ. ‘ಪಂಪ್ ಮಾರೋ’ (ಪಂಪ್ ಮಾಡು), ‘ದಬಾಕೇ ರಖ್’ (ಒತ್ತಿ ಹಿಡಿ), ‘ಛೋಡ್’ (ಬಿಡು) ಎಂಬ ಮೂರು ಕೂಗುಗಳಲ್ಲಿ ಕೆಲಸ ಸಾಗುತ್ತದೆ. ಒಂದು ಕೂಗು ಅರೆಕ್ಷಣ ತಡವಾದರೆ ಗಾಳಿ ಮತ್ತೆ ಒಳಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮಾಮೂಲಿ ಉಪಕರಣಗಳಿಂದ ಒಬ್ಬನೇ ಮಾಡಲು ಬಾರದ ಕೆಲಸವಿದು. ಕಾರ್ಬೊರೇಟರ್ ಟ್ಯೂನ್ ಮಾಡುವಾಗ ಆಕ್ಸಿಲರೇಟರ್ ಹಿಡಿಯಲು, ಗೇರ್‌ಬಾಕ್ಸ್ ಇಳಿಸುವಾಗ ಜ್ಯಾಕ್ ಪಕ್ಕ ನಿಲ್ಲಲು, ಬಾಗಿಲ ಕೀಲಿಗೆ ಬೋಲ್ಟ್ ಕೂರಿಸುವಾಗ ಬಾಗಿಲನ್ನು ಎತ್ತಿ ಹಿಡಿಯಲು, ಹೀಗೆ ಹಳೆಯ ಕಾರು ತನ್ನ ರಚನೆಯಿಂದಲೇ ಎರಡನೆಯ ವ್ಯಕ್ತಿಯನ್ನು ಬೇಡುತ್ತದೆ.

ಇಳಿವಯಸ್ಸಿನಲ್ಲಿ ಸಿಗದೆ ಹೋಗುವುದೂ ಆ ಎರಡನೆಯ ವ್ಯಕ್ತಿಯೇ. ಏಕಾಂಗಿತನವನ್ನು ಕುರಿತು ಲೋಕ ಇತ್ತೀಚೆಗೆ ಹೆಚ್ಚು ಮಾತನಾಡುತ್ತಿದೆ. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಅದು ಬಾಧಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿ ಮಾಡಿತು. ಆದರೆ ಹಿರಿಯರಿಗೆಂದು ಏರ್ಪಡಿಸುವ ಕೂಟಗಳಲ್ಲಿ ಎದುರುಬದುರು ಕೂತು ಮಾತನಾಡಬೇಕಾದ ಸಂಕೋಚವಿದೆ. ದುಡಿದು ಬಂದ ಗಂಡಸರಿಗಂತೂ ಅದು ಒಗ್ಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಹುಟ್ಟಿದ ‘ಮೆನ್ಸ್ ಶೆಡ್’ ಎಂಬ ಚಳವಳಿ, ಅಂದರೆ ನಿವೃತ್ತರು ಒಂದೆಡೆ ಸೇರಿ ಮರಗೆಲಸ, ಲೋಹದ ಕೆಲಸ ಮಾಡುವ ಸಮುದಾಯದ ಕಾರ್ಯಾಗಾರಗಳ ಜಾಲ, ಈ ತೊಡಕನ್ನು ಸರಿಯಾಗಿ ಗುರುತಿಸಿತು: ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುತ್ತಿರುವಾಗ ಮನುಷ್ಯ ಹೇಳಲಾರದ್ದನ್ನೂ ಹೇಳುತ್ತಾನೆ ಎಂಬುದು ಅದರ ನಂಬಿಕೆ. ಬಾನೆಟ್ಟಿನ ಎರಡು ಬದಿಯಲ್ಲಿ ಬಗ್ಗಿ ನಿಂತವರ ನಡುವೆ ಸಕ್ಕರೆ ಕಾಯಿಲೆಯ ವಿಚಾರ, ದುಬೈಯಲ್ಲಿರುವ ಮಗನ ವಿಚಾರ, ತೀರಿಕೊಂಡ ಹೆಂಡತಿಯ ವಿಚಾರ ಬರುವುದು ಸ್ಪಾರ್ಕ್ ಪ್ಲಗ್ಗಿನ ನೆಪದಲ್ಲಿಯೇ.

ಒಡನಾಟಕ್ಕಿಂತ ಬೇರೆಯಾದ ಇನ್ನೊಂದು ಅಂಶವೆಂದರೆ ಬದುಕಿಗೊಂದು ಉದ್ದೇಶ. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಮನುಷ್ಯನ ಬೆಳವಣಿಗೆಯ ಹಂತಗಳನ್ನು ವಿವರಿಸುತ್ತ, ನಡುವಯಸ್ಸಿನಲ್ಲಿ ಪ್ರಬಲವಾಗುವ ಹಂಬಲವೊಂದನ್ನು ಹೆಸರಿಸಿದ್ದಾರೆ. ತಾನು ಕಲಿತದ್ದು ತನ್ನೊಡನೆ ಮುಗಿಯದೆ ಮುಂದಿನವರಿಗೆ ದಾಟಬೇಕೆಂಬ ಹಂಬಲವದು. ಹಳೆಯ ಕಾರಿಗೆ ಈ ಹಂಬಲವನ್ನು ಪೂರೈಸುವ ಶಕ್ತಿಯಿದೆ, ಏಕೆಂದರೆ ಅದರ ಜ್ಞಾನ ಪುಸ್ತಕದಲ್ಲಿ ಪೂರ್ತಿ ಇಲ್ಲ. ಇದಕ್ಕೆ ಹೊಸ ಉದಾಹರಣೆ ಪೆಟ್ರೋಲೇ ಒದಗಿಸಿದೆ. ದೇಶದಾದ್ಯಂತ ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟವಾಗುತ್ತಿದ್ದು, ಹಳೆಯ ಕಾರಿನ ರಬ್ಬರ್ ಕೊಳವೆಗಳನ್ನೂ ಕಾರ್ಬೊರೇಟರಿನ ಗ್ಯಾಸ್ಕೆಟ್ಟುಗಳನ್ನೂ ಅದು ಮೆತ್ತಗಾಗಿಸುತ್ತದೆ. ತೇವವನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕಿಗೂ ದಾರಿ ಮಾಡುತ್ತದೆ. ಯಾವ ಕೊಳವೆಯನ್ನು ಮೊದಲು ಬದಲಿಸಬೇಕು, ಮಳೆಗಾಲ ಮುಗಿಯುವವರೆಗೆ ಓಡಿಸದ ಕಾರಿನ ಟ್ಯಾಂಕನ್ನು ಹೇಗೆ ಇಡಬೇಕು ಎಂಬ ಪ್ರಶ್ನೆಗಳಿಗೆ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲೂ ಅವುಗಳ ಮಗ್ಗುಲಿನ ಗ್ಯಾರೇಜುಗಳಲ್ಲೂ ಉತ್ತರ ಹುಡುಕುವವರು ಹಳಬರನ್ನೇ ಕೇಳಬೇಕಾಗುತ್ತದೆ. ಎಪ್ಪತ್ತರ ಮನುಷ್ಯನಿಗೆ ತನ್ನ ಮಾತು ಇನ್ನೂ ಯಾರಿಗೋ ಬೇಕಾಗಿದೆ ಎಂದು ಗೊತ್ತಾಗುವ ಸಂದರ್ಭಗಳು ಹೆಚ್ಚೇನೂ ಇರುವುದಿಲ್ಲ.

ವಸ್ತುಸಂಗ್ರಹಾಲಯಗಳನ್ನು ಈ ಮಾನದಂಡದಿಂದ ತೂಗಿದರೆ ಮಿಶ್ರ ಫಲ ಸಿಗುತ್ತದೆ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹವೂ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಬದಿಯಲ್ಲಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯವೂ ಕನ್ನಡ ನಾಡಿನ ಸಾಮಾನ್ಯ ಜನರಿಗೆ ಈ ಪರಂಪರೆಯನ್ನು ತೋರಿಸಿದ ದೊಡ್ಡ ಕೆಲಸಗಳು. ಊರಿಗೆ ಹೋದಾಗ ಧರ್ಮಸ್ಥಳಕ್ಕೆ ಹೋಗಿಬರುವ ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿ ವಿಂಟೇಜ್ ಕಾರನ್ನು ಮೊದಲು ಸಮೀಪದಿಂದ ಕಂಡದ್ದು ಅಲ್ಲಿಯೇ. ಆದರೂ ಅಲ್ಲಿ ಹಿರಿಯನು ಪ್ರೇಕ್ಷಕ. ಮುಂಬಯಿಯ ಸಂಗ್ರಾಹಕ ಪ್ರಾಣಲಾಲ್ ಭೋಗಿಲಾಲ್ ಅಹಮದಾಬಾದಿನ ಕಠವಾಡಾದಲ್ಲಿ ಕಟ್ಟಿದ ಸಂಗ್ರಹಾಲಯದಲ್ಲಿ ಕೆಲವು ಕಾರುಗಳಲ್ಲಿ ಸವಾರಿ ಮಾಡುವ ಅವಕಾಶವಿರುವುದು ಒಂದು ಹೆಜ್ಜೆ ಮುಂದೆ. ಸಂಗ್ರಹಾಲಯ ಕಾರನ್ನು ಉಳಿಸುತ್ತದೆ; ಕಾರಿನ ಸುತ್ತಲ ಕಸುಬು ಉಳಿಯಬೇಕಾದರೆ ಕೈಗೆ ಎಣ್ಣೆ ಹತ್ತಬೇಕು.

ಕಾನೂನೂ ಸಂಗ್ರಹಾಲಯದ ಕಣ್ಣಿನಿಂದಲೇ ನೋಡುತ್ತದೆ. 2021ರ ನಿಯಮದಡಿ ವಿಂಟೇಜ್ ನೋಂದಣಿ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಾಲಿನ್ಯದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪಕ್ಕದ ಮನೆಯ ಗೆಳೆಯನನ್ನು ಕೂರಿಸಿಕೊಂಡು ಮಾಟುಂಗದ ತನಕ ಕಾಫಿಗೆ ಹೋಗಿಬರುವ ಓಡಾಟ ಯಾವ ಕಲಮಿನಡಿಯೂ ಬರುವುದಿಲ್ಲವೆಂಬುದು ಈ ಹವ್ಯಾಸದ ಮಾನವೀಯ ಭಾಗಕ್ಕೆ ಆದ ನಷ್ಟ. ನಗರದ ಹೊಸ ಕಟ್ಟಡಗಳು ಇನ್ನೂ ಕಠಿಣ. ಮರುನಿರ್ಮಾಣಗೊಂಡ ಗೋಪುರಗಳಲ್ಲಿ ಕಾರನ್ನು ಉಕ್ಕಿನ ಹಲಗೆಯ ಮೇಲೆ ಎತ್ತಿ ಒಂದರ ಮೇಲೊಂದರಂತೆ ಇಡುವ ಯಾಂತ್ರಿಕ ಪಾರ್ಕಿಂಗ್ ಬಂದಿದ್ದು, ಅಲ್ಲಿ ಬಾನೆಟ್ಟು ತೆರೆದು ನಿಲ್ಲಲು ಒಬ್ಬನಿಗೂ ಜಾಗವಿಲ್ಲ.

ಹೆಂಗಸರ ವಿಷಯದಲ್ಲಿ ಈ ಹವ್ಯಾಸದ ಕೊರತೆ ಎಲ್ಲಕ್ಕಿಂತ ಗಂಭೀರ. ಹೆಂಗಸರ ಆಯುಷ್ಯ ಹೆಚ್ಚು. ಹಿರಿಯ ವಯಸ್ಸಿನಲ್ಲಿ ಸಂಗಾತಿಯನ್ನು ಕಳೆದುಕೊಂಡವರಲ್ಲಿ ಅವರ ಸಂಖ್ಯೆ ಬಹಳ ದೊಡ್ಡದು. ಒಂಟಿತನದ ಭಾರ ಅವರ ಮೇಲೆಯೇ ಹೆಚ್ಚು ಬೀಳುತ್ತದೆ. ಹೀಗಿದ್ದೂ ರ‍್ಯಾಲಿಗಳಲ್ಲಿ ಅವರಿಗೆ ದೊರೆಯುವ ಪಾತ್ರ ಬಹುಮಟ್ಟಿಗೆ ಹಳೆಯ ಕಾಲದ ಉಡುಪು ತೊಟ್ಟು ಹಿಂದಿನ ಸೀಟಿನಲ್ಲಿ ಕೂರುವುದು. ನಲವತ್ತು ವರ್ಷ ಗಂಡನ ಪದ್ಮಿನಿಯಲ್ಲಿ ಓಡಾಡಿ ಅದರ ಸದ್ದಿನಿಂದಲೇ ಕ್ಲಚ್ಚಿನ ತೊಂದರೆ ಹೇಳಬಲ್ಲ ಹೆಂಗಸು, ಅವನು ತೀರಿಕೊಂಡ ತಿಂಗಳೊಳಗೆ ಆ ಕಾರನ್ನು ಮಾರಬೇಕಾಗಿ ಬರುವುದು ಜ್ಞಾನದ ಕೊರತೆಯಿಂದಲ್ಲ; ಆ ಜ್ಞಾನಕ್ಕೆ ಗ್ಯಾರೇಜಿನಲ್ಲಿ ಯಾರೂ ಮಣೆ ಹಾಕದಿರುವುದರಿಂದ.

ಒಬ್ಬನ ಒಡೆತನದಿಂದ ಬಿಡುಗಡೆಗೊಂಡಾಗ ಮಾತ್ರ ಈ ಹವ್ಯಾಸ ತನ್ನ ಭರವಸೆಯನ್ನು ಪೂರ್ತಿ ಈಡೇರಿಸೀತು. ನಿವೃತ್ತ ಟರ್ನರನಿಗೆ ಕಾರು ಕೊಳ್ಳುವ ಶಕ್ತಿಯಿಲ್ಲ, ನಿಲ್ಲಿಸುವ ಜಾಗವಿಲ್ಲ. ಕಾರಿನ ಒಡೆಯನಿಗೆ ಟರ್ನರನ ಕೈಯಿಲ್ಲ. ಇದಕ್ಕೆ ದಾರಿ ಕಾರನ್ನು ಹಲವರು ಸೇರಿ ಇಟ್ಟುಕೊಳ್ಳುವುದು. ಶಾಲೆಯೊಂದನ್ನು ಕಟ್ಟಿ ನಡೆಸುತ್ತಿರುವ ವಿಕ್ರೋಳಿ ಕನ್ನಡ ಸಂಘದಂಥ ಸಂಸ್ಥೆಗಳಿರುವ ಮುಂಬಯಿ ಉಪನಗರಗಳಿಗೆ ಸಾಮೂಹಿಕ ಒಡೆತನ ಹೊಸದಲ್ಲ. ಯಕ್ಷಗಾನದ ವೇಷ–ಚೆಂಡೆಗಳನ್ನು ಹತ್ತು ಮಂದಿಯ ಹೆಸರಿನಲ್ಲಿ ಇಟ್ಟುಕೊಂಡು ಕಾಪಾಡಿದ ಸಮಾಜ ಒಂದು ಪದ್ಮಿನಿಯನ್ನೂ ಇಟ್ಟುಕೊಳ್ಳಬಲ್ಲದು. ಹಿಂದೆಯೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಶಾಸ್ತ್ರಿ ಮಾರ್ಗದ ಬದಿಯ ಶೆಡ್ಡುಗಳೆಲ್ಲ ಇನ್ನೂ ಗೋಪುರಗಳಾಗಿಲ್ಲ. ಕೆಲಸ ಬಲ್ಲವರು ಸುತ್ತಮುತ್ತಲ ಚಾಳು–ಕಾಲೊನಿಗಳಲ್ಲೇ ಇದ್ದಾರೆ; ಆದರೆ ಪದ್ಮಿನಿಗೆ ಆ ಹೆಸರು ಬಂದ ವರ್ಷ ಅಪ್ರೆಂಟಿಸ್ ಆಗಿ ಕಾರ್ಖಾನೆ ಸೇರಿದವರಿಗೆ ಈಗ ಎಪ್ಪತ್ತರ ಸುಮಾರು, ಅವರಿಂದ ಕಲಿಯುವ ಹುಡುಗರು ಬರಬೇಕಾದ್ದು ಈ ಕೆಲವೇ ವರ್ಷಗಳಲ್ಲಿ.