ಸಮಿತಿ ಬದಲಾಯಿತು, ಪಾಸ್‌ವರ್ಡ್ ಯಾರ ಬಳಿ?

ನಮ್ಮ ಸೀಮೆಯಲ್ಲಿ ಜಾಲತಾಣಗಳು ಹೆಚ್ಚಾಗಿ ಸಾಯುವುದು ವಾರ್ಷಿಕ ಮಹಾಸಭೆಯ ಮಾರನೇ ದಿನ. ಕಡೂರಿನ ತೆಂಗು ಬೆಳೆಗಾರರ ಗುಂಪಿರಲಿ, ತರೀಕೆರೆಯ ಹಳೆ ವಿದ್ಯಾರ್ಥಿಗಳ ಬಳಗವಿರಲಿ, ಅಜ್ಜಂಪುರದ ಜಾತ್ರಾ ಸಮಿತಿಯಿರಲಿ, ಹೊಸ ಪದಾಧಿಕಾರಿಗಳು ಬರುತ್ತಾರೆ, ಹಾರ ಬೀಳುತ್ತದೆ. ಲೆಕ್ಕದ ಪುಸ್ತಕ, ರಸೀದಿ ಬುಕ್ಕು, ಸೀಲು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಕೈ ಬದಲಾಗುತ್ತವೆ. ತಾಣವನ್ನು ನಿಭಾಯಿಸುವ ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್‌ನ ಪಾಸ್‌ವರ್ಡ್ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದು ಹಳೆಯ ಕಾರ್ಯದರ್ಶಿಯ ಫೋನಿನಲ್ಲೋ, ತಾಣ ಮಾಡಿಕೊಟ್ಟು ಬೆಂಗಳೂರು ಸೇರಿದ ಊರ ಹುಡುಗನ ಲ್ಯಾಪ್‌ಟಾಪ್‌ನಲ್ಲೋ ಉಳಿದುಬಿಡುತ್ತದೆ. ಇನ್ನು ಕೆಲವು ಕಡೆ ಇದಕ್ಕೆ ತದ್ವಿರುದ್ಧ: ಅದೇ ಪಾಸ್‌ವರ್ಡ್ ವಾಟ್ಸಾಪ್ ಗುಂಪಿನಲ್ಲಿ ಓಡಾಡಿ, ಈಗ ಯಾರ್ಯಾರಿಗೆ ಗೊತ್ತು ಎಂದು ಹೇಳುವವರೇ ಇಲ್ಲ.

ಕಳೆದ ವಾರ ಬ್ಯಾಕಪ್ ವಿಚಾರ ಬರೆದಾಗ ಓದುಗರೊಬ್ಬರು ಕೇಳಿದ್ದು ಇದನ್ನೇ. ಪ್ಯಾನೆಲ್‌ಗೂ ಗೂಗಲ್ ಖಾತೆಯಿಂದಲೇ ಒಳಗೆ ಹೋಗುವ ಹಾಗೆ ಮಾಡಬಹುದಾ? ಮಾಡಬಹುದು. ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಇದರಿಂದ ಪಾಸ್‌ವರ್ಡ್ ನೆನಪಿಡುವ ಕಷ್ಟ ತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಚಿಕ್ಕ ಲಾಭ. ದೊಡ್ಡ ಲಾಭ ಬೇರೆ: ತಾಣಕ್ಕೆ ಕೈಹಾಕಬಲ್ಲವರು ಯಾರು ಎಂಬುದು ಹೆಸರು ಹೆಸರಾಗಿ ಒಂದು ಪಟ್ಟಿಯಲ್ಲಿ ಕಾಣುತ್ತದೆ, ಮತ್ತು ಉಳಿದವರಿಗೆ ಏನೂ ತೊಂದರೆಯಾಗದಂತೆ ಅದರಿಂದ ಒಬ್ಬರ ಹೆಸರನ್ನು ತೆಗೆಯಲು ಬರುತ್ತದೆ. ಸಮಿತಿಗಳು ಪದೇ ಪದೇ ಬದಲಾಗುವ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇದು ನಡೆಯುವ ಬಗೆ ನಮ್ಮ ರೈತರಿಗೆ ಹೊಸದೇನಲ್ಲ. ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಬಂದು ಹೊಲ ಅಳೆಯುವುದಿಲ್ಲ, ಪಹಣಿ ಕೇಳುತ್ತಾರೆ. ಪಹಣಿ ಕೊಟ್ಟದ್ದು ತಾಲ್ಲೂಕು ಕಚೇರಿ. ಬ್ಯಾಂಕು ಆ ಕಚೇರಿಯನ್ನು ನಂಬುತ್ತದೆ, ಆ ಕಾಗದ ಅಲ್ಲಿಂದಲೇ ಬಂದಿದೆಯೇ, ತಾರೀಖು ಸರಿಯಿದೆಯೇ ಎಂದಷ್ಟೇ ನೋಡುತ್ತದೆ. ಇಲ್ಲಿ ಪ್ಯಾನೆಲ್ ಬ್ಯಾಂಕಿನ ಜಾಗದಲ್ಲಿದೆ, ಗೂಗಲ್ ತಾಲ್ಲೂಕು ಕಚೇರಿಯ ಜಾಗದಲ್ಲಿ. ನೀವು ಲಾಗಿನ್ ಪುಟದಲ್ಲಿ ಗೂಗಲ್ ಬಟನ್ ಒತ್ತಿದಾಗ ಪ್ಯಾನೆಲ್ ನಿಮ್ಮನ್ನು ಗೂಗಲ್ ಕಡೆ ಕಳಿಸುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿ ಮಾತ್ರ. ಅಲ್ಲಿಂದ ಸಹಿ ಬಿದ್ದ ಸಣ್ಣದೊಂದು ದಾಖಲೆ, ಐಡಿ ಟೋಕನ್, ಪ್ಯಾನೆಲ್‌ಗೆ ಬರುತ್ತದೆ. ಅದರಲ್ಲಿ ಕೊಟ್ಟವರು ಯಾರು, ಯಾರ ಬಗ್ಗೆ, ಯಾರಿಗಾಗಿ, ಎಷ್ಟು ಹೊತ್ತಿನವರೆಗೆ ಎಂಬ ನಾಲ್ಕು ಮಾತು ಇರುತ್ತವೆ. ನಿಮ್ಮ ಗೂಗಲ್ ಪಾಸ್‌ವರ್ಡ್ ಹೋಸ್ಟಿಂಗ್ ಸರ್ವರ್‌ನ ಹತ್ತಿರವೂ ಸುಳಿಯುವುದಿಲ್ಲ.

ಈ ಏರ್ಪಾಟಿನ ಒಂದು ಹಳೆಯ ರೂಪ ಓಪನ್‌ಐಡಿ. ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣ ಕಟ್ಟಿದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2005ರಲ್ಲಿ ಅದನ್ನು ರೂಪಿಸಿದರು. 2012ರ ಅಕ್ಟೋಬರ್‌ನಲ್ಲಿ ಓಆಥ್ 2.0 ಎಂಬ ಅನುಮತಿ ನಿಯಮಾವಳಿ ಪ್ರಕಟವಾಯಿತು, ಅದರ ಮೇಲೆ 2014ರ ಫೆಬ್ರುವರಿಯಲ್ಲಿ ಓಪನ್‌ಐಡಿ ಕನೆಕ್ಟ್ ಬಂತು. ಈಗ ನಾವು ಬಳಸುವುದು ಈ ಕೊನೆಯದನ್ನು. ನಮ್ಮ ಡಿಜಿಲಾಕರ್ ಬೇರೆ ಸಂಸ್ಥೆಗಳ ತಾಣಗಳೊಡನೆ ಮಾತಾಡುವುದೂ ಓಆಥ್ 2.0 ಭಾಷೆಯಲ್ಲೇ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ‘ಮೇರಿ ಪೆಹಚಾನ್’ ಕೂಡ ಇದೇ ಜಾತಿಯದು, ಒಂದೇ ಗುರುತಿನಿಂದ ಹಲವು ಸರ್ಕಾರಿ ಸೇವೆಗಳಿಗೆ ದಾರಿ. ಸರ್ಕಾರಿ ನೌಕರರಿಗೆ ಎನ್‌ಐಸಿಯವರ ‘ಪರಿಚಯ್’ ಇದೆ. ಈ ಕೊನೆಯ ಎರಡೂ ಸರ್ಕಾರಿ ಸೇವೆಗಳಿಗೆ ಮೀಸಲು; ಜಾತ್ರಾ ಸಮಿತಿಯ ಪ್ಯಾನೆಲ್‌ಗೆ ಸಿಗುವಂಥವಲ್ಲ.

ಪಹಣಿ ಎಂದೆನಲ್ಲ, ಅದರ ಹಿಂದೆ ನಮ್ಮದೇ ನೆಲದ ಒಂದು ಪಾಠವಿದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ಹಕ್ಕುಗಳು ಕಂಪ್ಯೂಟರ್ ಸೇರಿದವು. ಹಕ್ಕು ಬದಲಾವಣೆಯನ್ನು ಕಂಪ್ಯೂಟರಿಗೆ ಹಾಕುವ ನೌಕರ ಒಳಗೆ ಹೋಗಲು ಬೆರಳಚ್ಚು ಕೊಡಬೇಕೆಂಬ ಏರ್ಪಾಟನ್ನು ಭೂಮಿ ತಂತ್ರಾಂಶದಲ್ಲಿ ಮಾಡಿದ್ದರು. ಬರೀ ಪಾಸ್‌ವರ್ಡ್ ಆಗಿದ್ದರೆ ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ, ನಾನಲ್ಲ’ ಎಂದು ಹೇಳಿ ಜಾರಿಕೊಳ್ಳಲು ದಾರಿಯಿರುತ್ತಿತ್ತು. ಬೆರಳು ಆ ದಾರಿಯನ್ನು ಮುಚ್ಚಿತು. ಹಂಚಿಕೊಂಡ ಪಾಸ್‌ವರ್ಡ್ ಎಂದರೆ ಹೊಣೆಗಾರರಿಲ್ಲದ ಪಾಸ್‌ವರ್ಡ್ ಎಂಬುದನ್ನು ನಮ್ಮ ಕಂದಾಯ ಇಲಾಖೆ ಇಪ್ಪತ್ತು ವರ್ಷಕ್ಕೂ ಹಿಂದೆ ಅರ್ಥಮಾಡಿಕೊಂಡಿತ್ತು. ನಮ್ಮ ಸಂಘಗಳು ಇನ್ನೂ ಮಾಡಿಕೊಂಡಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನು ಕೆಲಸಕ್ಕೆ ಬರೋಣ. ನಾನು ಸಿಪ್ಯಾನೆಲ್ ಇಟ್ಟುಕೊಂಡು ಹೇಳುತ್ತೇನೆ. 1996ರಿಂದ ಇರುವ ಪ್ಯಾನೆಲ್ ಇದು. ನಮ್ಮ ಕಡೆಯ ಸಣ್ಣ ತಾಣಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದೂ ಇದನ್ನೇ. ಇದರಲ್ಲಿ ಎರಡು ಅಂತಸ್ತು. ಕೆಳಗೆ ನಿಮ್ಮ ತಾಣದ ಸಿಪ್ಯಾನೆಲ್. ಮೇಲೆ ಇಡೀ ಸರ್ವರ್ ನೋಡಿಕೊಳ್ಳುವ ಡಬ್ಲ್ಯುಎಚ್‌ಎಂ. ಹೊರಗಿನ ಲಾಗಿನ್‌ಗೆ ಅನುಮತಿ ಕೊಡುವುದು ಮೇಲಿನ ಅಂತಸ್ತಿನಲ್ಲಿ, ರೂಟ್ ಅಧಿಕಾರ, ಅಂದರೆ ಸರ್ವರ್‌ನ ಪೂರ್ತಿ ಅಧಿಕಾರ, ಇದ್ದವರಿಗೆ ಮಾತ್ರ. ‘ಸೆಕ್ಯುರಿಟಿ ಸೆಂಟರ್’ ಒಳಗೆ ‘ಮ್ಯಾನೇಜ್ ಎಕ್ಸ್‌ಟರ್ನಲ್ ಅಥೆಂಟಿಕೇಶನ್ಸ್’ ಎಂಬಲ್ಲಿ ಅದು ಸಿಗುತ್ತದೆ. ಸಿಪ್ಯಾನೆಲ್‌ನವರದ್ದೇ ‘ಸಿಪ್ಯಾನೆಲ್‌ಐಡಿ’ ಅಲ್ಲಿ ಸಿದ್ಧವಿರುತ್ತದೆ. ಗೂಗಲ್ ಬೇಕಿದ್ದರೆ ಅದಕ್ಕಾಗಿ ಪರ್ಲ್ ಭಾಷೆಯ ಚಿಕ್ಕದೊಂದು ಮಾಡ್ಯೂಲ್ ಸರ್ವರ್‌ಗೆ ಸೇರಿಸಬೇಕು.

ನನ್ನ ಸಲಹೆ ಗೂಗಲ್‌. ಒಂದೇ ಕಂಪನಿಗೆ ಎಲ್ಲವನ್ನೂ ಒಪ್ಪಿಸುವುದು ನನಗೂ ಇಷ್ಟವಿಲ್ಲ. ಆದರೆ ಸಮಿತಿಯ ಕಾರ್ಯದರ್ಶಿ ಯಾರೇ ಆಗಲಿ, ಅವರ ಫೋನಿನಲ್ಲಿ ಗೂಗಲ್ ಖಾತೆ ಆಗಲೇ ಇರುತ್ತದೆ. ಇನ್ನೊಂದು ಹೊಸ ಖಾತೆ ಮಾಡಿಸಿದರೆ ಅದರ ಪಾಸ್‌ವರ್ಡ್ ಮತ್ತೊಂದು ಚೀಟಿಯಲ್ಲಿ ಕೂರುತ್ತದೆ. ಕೀಕ್ಲೋಕ್‌ನಂಥ ಮುಕ್ತ ತಂತ್ರಾಂಶ ಹಾಕಿ ಗುರುತಿನ ಸರ್ವರನ್ನೇ ಸ್ವಂತವಾಗಿ ನಡೆಸಬಹುದು ಎಂದು ಉತ್ಸಾಹಿಗಳು ಹೇಳುತ್ತಾರೆ. ಅದು ಒಳ್ಳೆಯ ತಂತ್ರಾಂಶ. ಆದರೆ ಒಂದು ತಾಣ ನೋಡಿಕೊಳ್ಳಲು ಆಳಿಲ್ಲದ ಸಂಘಕ್ಕೆ ಇನ್ನೊಂದು ಸರ್ವರ್ ಸಾಕಲು ಹೇಳುವುದು ನ್ಯಾಯವಲ್ಲ.

ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಒಂದು ಪ್ರಾಜೆಕ್ಟ್ ತೆರೆದು, ‘ವೆಬ್ ಅಪ್ಲಿಕೇಶನ್’ ಎಂಬ ಬಗೆಯ ಕ್ಲೈಂಟ್ ಮಾಡಿಕೊಳ್ಳಬೇಕು. ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ ಎಂದು ಎರಡು ಸಿಗುತ್ತವೆ; ಇವನ್ನು ಡಬ್ಲ್ಯುಎಚ್‌ಎಂನಲ್ಲಿ ತುಂಬಬೇಕು. ಸೀಕ್ರೆಟ್ ಸಿಕ್ಕ ಕೂಡಲೇ ಭದ್ರವಾಗಿ ಬರೆದಿಟ್ಟುಕೊಳ್ಳಿ. ಇದಾದ ಮೇಲೆ ಬರುವುದು ‘ರಿಡೈರೆಕ್ಟ್’ ವಿಳಾಸ. ಗೂಗಲ್ ತನ್ನ ದಾಖಲೆಯನ್ನು ಎಲ್ಲಿಗೆ ತಲುಪಿಸಬೇಕು ಎಂಬುದನ್ನು ಮೊದಲೇ ಹೇಳಿಡುವ ಜಾಗ ಇದು, ಹೆಚ್ಚಿನವರು ಎಡವುವುದೂ ಇಲ್ಲೇ. ಸಿಪ್ಯಾನೆಲ್ 2083ನೇ ಪೋರ್ಟಿನಲ್ಲಿ, ಡಬ್ಲ್ಯುಎಚ್‌ಎಂ 2087ರಲ್ಲಿ, ವೆಬ್‌ಮೇಲ್ 2096ರಲ್ಲಿ ಇರುವುದರಿಂದ ಯಾವ್ಯಾವುದಕ್ಕೆ ಈ ಲಾಗಿನ್ ಬೇಕೋ ಅದರದರ ವಿಳಾಸ ಬೇರೆಬೇರೆಯಾಗಿ ಕೊಡಬೇಕು. ಒಂದು ಅಕ್ಷರ, ಕೊನೆಯ ಒಂದು ಓರೆಗೆರೆ ಹೆಚ್ಚುಕಮ್ಮಿಯಾದರೂ ‘ರಿಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’ ಎಂಬ ಪುಟ ಎದುರಾಗುತ್ತದೆ. ಕೈಯಿಂದ ಟೈಪ್ ಮಾಡಬೇಡಿ. ಡಬ್ಲ್ಯುಎಚ್‌ಎಂ ತೋರಿಸುವುದನ್ನೇ ನಕಲು ಮಾಡಿ ಅಂಟಿಸಿ. ಗೂಗಲ್‌ನ ಈ ಹಟಮಾರಿತನ ಇರಲೇಬೇಕಾದ್ದು. ವಿಳಾಸ ಸಡಿಲವಾಗಿದ್ದರೆ ನಿಮ್ಮ ಹೆಸರಿನ ದಾಖಲೆ ಇನ್ಯಾರದೋ ಕೈಗೆ ಹೋದೀತು.

ಬರಿಯ ಐಪಿ ಅಂಕಿಗಳನ್ನು ಗೂಗಲ್ ಒಪ್ಪುವುದಿಲ್ಲ. ಸರ್ವರ್‌ಗೆ ಸರಿಯಾದ ಹೆಸರಿರಬೇಕು, ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಸರ್ವರ್‌ನ ಗಡಿಯಾರವೂ ಸರಿಯಿರಲಿ. ಟೋಕನ್‌ಗೆ ಹುಟ್ಟಿದ ಹೊತ್ತು, ಸಾಯುವ ಹೊತ್ತು ಎರಡೂ ಬರೆದಿರುತ್ತವೆ. ಗಡಿಯಾರ ತಪ್ಪಿದ ಸರ್ವರ್ ಈಗ ತಾನೇ ಬಂದ ಟೋಕನನ್ನು ಹಳಸಿದ್ದೆಂದು ತಳ್ಳಿಬಿಡಬಹುದು. ಗೂಗಲ್ ಪ್ರಾಜೆಕ್ಟ್ ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಉಳಿದಿದ್ದರೆ ನೀವು ಪಟ್ಟಿಮಾಡಿದ ಖಾತೆಗಳಿಗೆ ಮಾತ್ರ ಪ್ರವೇಶ, ಗರಿಷ್ಠ 100. ಸಣ್ಣ ಸಮಿತಿಗೆ ಅದೇ ಸಾಕು. ಹೊಸ ಕಾರ್ಯದರ್ಶಿಯ ಹೆಸರು ಸೇರಿಸುವುದನ್ನು ಮರೆಯದಿದ್ದರಾಯಿತು.

ಮೊದಲ ಸಲ ಬಟನ್ ಒತ್ತಿ ಗೂಗಲ್‌ನಿಂದ ಹಿಂತಿರುಗಿದಾಗ ಪ್ಯಾನೆಲ್ ಒಮ್ಮೆ ತನ್ನ ಹಳೆಯ ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಈ ಖಾತೆ ಆ ಖಾತೆ ಜೋಡಿಯಾಗುವುದು ಆಗ. ಹೀಗೆ ಜೋಡಿಯಾದ ಹೆಸರುಗಳು ಡಬ್ಲ್ಯುಎಚ್‌ಎಂನಲ್ಲೂ ಆಯಾ ಸಿಪ್ಯಾನೆಲ್‌ನಲ್ಲೂ ಕಾಣುತ್ತವೆ, ಬೇಡವಾದವರನ್ನು ಅಲ್ಲಿಯೇ ಬಿಡಿಸಬಹುದು. ಅಧಿಕಾರ ಹಸ್ತಾಂತರದ ದಿನ ಹಳೆಯ ಕಾರ್ಯದರ್ಶಿಯನ್ನೂ ಹೊಸಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಹೊಸಬರನ್ನು ಜೋಡಿಸಿ, ಹಳಬರನ್ನು ಬಿಡಿಸಿ, ಅವರೆದುರಿಗೇ ಪಾಸ್‌ವರ್ಡ್ ಬದಲಿಸಿ. ಹಳಬರಿಗೂ ಇದು ಗೌರವದ ಬೀಳ್ಕೊಡುಗೆ. ನಾಳೆ ತಾಣದಲ್ಲಿ ಏನಾದರೂ ಆದರೆ ಅವರ ಮೇಲೆ ಅನುಮಾನ ಬರುವುದಿಲ್ಲ. ಮಿನಿಟ್ಸ್ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಪಾಸ್‌ಬುಕ್ಕಿಗೆ ಬರೆಯುತ್ತೀರಲ್ಲ, ಇದಕ್ಕೇಕೆ ಬೇಡ?

ಜೋಡಿಯಾದವರಿಗೆ ಪ್ಯಾನೆಲ್‌ನ ಪೂರ್ತಿ ಅಧಿಕಾರ ಸಿಗುತ್ತದೆ ಎಂಬುದು ನೆನಪಿರಲಿ. ಕಡತ ಅಳಿಸಬಹುದು, ಡೇಟಾಬೇಸ್ ತೆಗೆಯಬಹುದು. ಹಾಗಾಗಿ ಇಬ್ಬರು ಸಾಕು, ಕಾರ್ಯದರ್ಶಿ ಮತ್ತು ತಾಂತ್ರಿಕ ಕೆಲಸ ನೋಡುವವರು. ಜಾತ್ರೆಯ ಫೋಟೊ ಹಾಕುವವರು, ಕೊಬ್ಬರಿ ಧಾರಣೆ ಬರೆಯುವವರು ವರ್ಡ್‌ಪ್ರೆಸ್‌ನಲ್ಲಿ ‘ಎಡಿಟರ್’ ಆಗಿದ್ದರೆ ಅವರ ಕೆಲಸ ನಡೆಯುತ್ತದೆ.

ಸಮಿತಿಯ ಹೆಸರಿನಲ್ಲಿ ಒಂದು ಜಿಮೇಲ್ ಮಾಡಿ, ಅದನ್ನೇ ಪ್ಯಾನೆಲ್‌ಗೆ ಜೋಡಿಸೋಣ ಎಂದು ಬಹಳ ಜನ ಹೇಳುತ್ತಾರೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಹಂಚಿಕೊಂಡ ಪಾಸ್‌ವರ್ಡ್ ಪ್ಯಾನೆಲ್‌ನಿಂದ ಜಿಮೇಲ್‌ಗೆ ಜಾಗ ಬದಲಿಸಿತು, ಅಷ್ಟೇ. ಅದರ ಒಟಿಪಿ ಹೋಗುವುದು ಮತ್ತೆ ಯಾರೋ ಒಬ್ಬರ ಫೋನಿಗೆ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತಾಣ ಶುರುವಾದ ದಿನ ತೆರೆದು ಮರೆತ ಸಮಿತಿ ಜಿಮೇಲ್‌ಗಳಿಗೆ ಅದೇ ಗತಿ. ಜೋಡಿಸುವುದು ವ್ಯಕ್ತಿಯ ಸ್ವಂತ ಖಾತೆಯನ್ನು, ಅವರು ದಿನವೂ ಬಳಸುವುದನ್ನು. ಆ ಖಾತೆಗೆ ಎರಡು ಹಂತದ ಪರಿಶೀಲನೆ ಇರಬೇಕು, ಇಲ್ಲವೇ 2023ರಲ್ಲಿ ಬಂದ ಪಾಸ್‌ಕೀ. ಪಾಸ್‌ಕೀ ಎಂದರೆ ಫೋನಿನ ಮೇಲೆ ಬೆರಳಿಡುವುದು. ಬೆರಳಚ್ಚು ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ಊರಿನಲ್ಲಿ ಎಸ್‌ಎಂಎಸ್ ತಡವಾಗಿ ಬರುವ ಜಾಗಗಳಿಗೆ ಇದೇ ಅನುಕೂಲ.

ಅದೇ ಕಾಳಜಿ ಗೂಗಲ್ ಪ್ರಾಜೆಕ್ಟಿಗೂ ಬೇಕು. ಕ್ಲೈಂಟ್ ಐಡಿ ಮಾಡಿದ ಪ್ರಾಜೆಕ್ಟ್ ಯಾರದೋ ಒಬ್ಬರ ಖಾತೆಯಲ್ಲಿರುತ್ತದೆ. ಅವರು ಆ ಖಾತೆ ಮುಚ್ಚಿದರೆ ಇಡೀ ಬಟನ್ ಅನಾಥ. ಪ್ರಾಜೆಕ್ಟಿಗೆ ಇಬ್ಬರು ಒಡೆಯರನ್ನು ಮೊದಲ ದಿನವೇ ಹಾಕಿ.

ಸ್ವಂತವಾಗಿ ಇಂಥ ಲಾಗಿನ್ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ ಒಂದು ಮಾತು. ಟೋಕನ್‌ನಲ್ಲಿ ಮಿಂಚಂಚೆ ವಿಳಾಸವೂ ಬರುತ್ತದೆ, ‘ಸಬ್’ ಎಂಬ ಇನ್ನೊಂದು ಗುರುತೂ ಬರುತ್ತದೆ. ಮಿಂಚಂಚೆ ನೋಡಿ ಆಳನ್ನು ಗುರುತಿಸಬೇಡಿ. ಸಂಘದ ಡೊಮೈನಿನಲ್ಲಿ ‘ಕಾರ್ಯದರ್ಶಿ’ ಎಂಬ ವಿಳಾಸ ಈ ವರ್ಷ ಒಬ್ಬರದು, ಮುಂದಿನ ವರ್ಷ ಇನ್ನೊಬ್ಬರದು. ‘ಸಬ್’ ಹಾಗಲ್ಲ, ಆ ಖಾತೆ ಇರುವವರೆಗೂ ಬದಲಾಗದು, ಇನ್ನೊಬ್ಬರಿಗೆ ಹೋಗದು. ಕೊಟ್ಟವರ ವಿಳಾಸ ಮತ್ತು ‘ಸಬ್’ ಎರಡನ್ನೂ ಸೇರಿಸಿ ನೋಡಿದರೆ ಮಾತ್ರ ಗುರುತು ಪಕ್ಕಾ ಎಂದು ಓಪನ್‌ಐಡಿ ಕನೆಕ್ಟ್ ನಿಯಮವೇ ಹೇಳುತ್ತದೆ.

ಈ ಬಟನ್ ಹಾಕಿದ ಮಾತ್ರಕ್ಕೆ ಹಳೆಯ ಪಾಸ್‌ವರ್ಡ್ ಸಾಯುವುದಿಲ್ಲ. ಎಫ್‌ಟಿಪಿ ಅದನ್ನೇ ಕೇಳುತ್ತದೆ, ಗೂಗಲ್ ಕೈಕೊಟ್ಟ ದಿನ ನಿಮಗೂ ಅದೇ ಗತಿ. ಉದ್ದನೆಯದೊಂದು ಪಾಸ್‌ವರ್ಡ್ ಇಟ್ಟು, ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಸಂಘದ ಬೀರುವಿನಲ್ಲಿ ಪತ್ರಗಳ ಜೊತೆ ಇಡಿ. ಡೊಮೈನ್ ನವೀಕರಣ, ಹೋಸ್ಟಿಂಗ್ ಬಿಲ್ಲು ಕಟ್ಟುವ ಖಾತೆ ಬೇರೆಯೇ ಇರುತ್ತದೆ. ಪ್ಯಾನೆಲ್ ಸರಿಮಾಡಿ ಅದನ್ನು ಬಿಟ್ಟರೆ ತಾಣ ಒಂದು ದಿನ ಡೊಮೈನ್ ಸಮೇತ ಹೋಗುತ್ತದೆ.

ಅಗ್ಗದ ಹಂಚಿಕೆಯ ಹೋಸ್ಟಿಂಗ್ ಕೊಂಡವರಿಗೆ ಡಬ್ಲ್ಯುಎಚ್‌ಎಂ ಸಿಗುವುದಿಲ್ಲ. ಅವರು ಲಾಗಿನ್ ಪುಟದ ಕೆಳಗೆ ಬೇರೆ ಖಾತೆಯ ಬಟನ್ ಇದೆಯೇ ನೋಡಲಿ. ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಲಿ: ಹೊರಗಿನ ಲಾಗಿನ್ ಕೊಡುತ್ತೀರಾ, ಕೊಟ್ಟರೆ ಒಂದೇ ತಾಣಕ್ಕೆ ಇಬ್ಬರ ಖಾತೆ ಜೋಡಿಸಬಹುದೇ, ಒಬ್ಬರನ್ನು ಬಿಡಿಸಲು ನಿಮ್ಮನ್ನು ಕಾಯಬೇಕೇ? ಆಗದು ಎಂಬ ಉತ್ತರ ಬಂದರೆ ಸಿಪ್ಯಾನೆಲ್‌ನ ಎರಡು ಹಂತದ ಪರಿಶೀಲನೆಯನ್ನಾದರೂ ಇವತ್ತೇ ಚಾಲೂ ಮಾಡಿ, ಮುಂದಿನ ನವೀಕರಣಕ್ಕೆ ಮೊದಲು ಬೇರೆ ಕಂಪನಿಗಳ ಪುಟ ನೋಡಲು ಶುರುಮಾಡಲಿ.