ಗಣಿತಸಾರಸಂಗ್ರಹದ ಲೋಕ

ವಸಂತಮಾಸದ ಒಂದು ರಾತ್ರಿ. ಹೂವು ಹಣ್ಣುಗಳ ಭಾರದಿಂದ ಬಾಗಿದ ಮರಗಳುಳ್ಳ ಉದ್ಯಾನ. ಅದರ ನಡುವೆ ಚಂದ್ರನಂತೆ ಬೆಳ್ಳಗಿರುವ ಸೌಧ. ಅಲ್ಲಿ ದಂಪತಿಗಳಿಗೆ ಪ್ರಣಯಕಲಹವುಂಟಾಗಿ ತರುಣಿಯ ಮುತ್ತಿನ ಹಾರವು ಹರಿದುಬೀಳುತ್ತದೆ. ಮುತ್ತುಗಳಲ್ಲಿ ಮೂರನೆಯ ಒಂದು ಪಾಲು ದಾಸಿಯ ಬಳಿಗೆ ಹೋಯಿತು; ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದಿತು; ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲದ ಅರ್ಧಗಳು ಎಲ್ಲೆಂದರಲ್ಲಿ ಚೆದರಿದವು; ಚೆದರದೆ ಉಳಿದವು ೧೧೬೧. ಇಷ್ಟನ್ನು ಹೇಳಿ ಹಾರದಲ್ಲಿದ್ದ ಮುತ್ತುಗಳೆಷ್ಟೆಂದು ಕೇಳುವವನು ಯಾವ ಶೃಂಗಾರಕವಿಯೂ ಅಲ್ಲ, ಜೈನಾಚಾರ್ಯನಾದ ಮಹಾವೀರನು. ಉತ್ತರ, ೧,೪೮,೬೦೮. ಇಷ್ಟು ಮುತ್ತುಗಳನ್ನು ಹೊತ್ತ ಕೊರಳಿಗೆ ಕಲಹಮಾಡುವ ಶಕ್ತಿಯಾದರೂ ಹೇಗೆ ಉಳಿದಿದ್ದಿತೆಂದು ರಸಿಕರು ಕೇಳಬಹುದು. ಆಚಾರ್ಯನು ಕೇಳುವುದಿಲ್ಲ. ಅವನಿಗೆ ಬೇಕಾದುದು ಭಿನ್ನರಾಶಿಯ ಅಭ್ಯಾಸ, ಅದಕ್ಕೆ ತಕ್ಕ ಒಂದು ನೆವ.

ಆ ನೆವಗಳ ಬೆಲೆಯೇನೆಂಬುದೇ ಗಣಿತಸಾರಸಂಗ್ರಹವನ್ನು ಓದುವವರಿಗೆ ಎದುರಾಗುವ ಮುಖ್ಯ ಪ್ರಶ್ನೆ. ಗ್ರಂಥವು ಸಂಸ್ಕೃತದಲ್ಲಿದೆ, ಕಾಲ ಸುಮಾರು ಕ್ರಿ. ಶ. ೮೫೦. ಗ್ರಂಥಾರಂಭದಲ್ಲಿಯೇ ಆಚಾರ್ಯನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನವೂ ಅದೇ. ಸಂಜ್ಞಾಧಿಕಾರದಿಂದ ಮೊದಲಾಗಿ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂದು ಒಂಬತ್ತು ಅಧ್ಯಾಯಗಳು. ಶ್ಲೋಕಗಳು ಸಾವಿರದ ನೂರಕ್ಕೂ ಮೀರಿದವು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಶೋಧಿಸಿ, ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದನು. ಅಂದಿನಿಂದ ಈ ಗ್ರಂಥವು ಲೋಕದ ವಿದ್ವಾಂಸರಿಗೆ ಪರಿಚಿತವಾಗಿದೆ.

ಪರಿಚಿತವಾಗಿದೆಯೆಂದರೆ ಪೂರ್ತಿಯಾಗಿ ಓದಲ್ಪಟ್ಟಿದೆಯೆಂದು ಅರ್ಥವಲ್ಲ. ಗಣಿತದ ಇತಿಹಾಸಕಾರನು ಸೂತ್ರಗಳನ್ನು ಆರಿಸಿಕೊಂಡು ಕತೆಗಳನ್ನು ಹೊಟ್ಟಿನಂತೆ ತೂರಿಬಿಡುತ್ತಾನೆ. ಸಮಾಜದ ಇತಿಹಾಸಕಾರನು ಕತೆಗಳಲ್ಲಿರುವ ಬೆಲೆ ಬಡ್ಡಿಗಳನ್ನು ಆರಿಸಿಕೊಂಡು ಸೂತ್ರಗಳ ಗೋಜಿಗೆ ಹೋಗುವುದಿಲ್ಲ. ಅಭಿಮಾನಿಯು, ಲೋಕದಲ್ಲಿಯೇ ಮೊದಲು ಕಂಡುಹಿಡಿದವನು ನಮ್ಮವನು ಎಂಬ ಪಟ್ಟಿಯೊಂದನ್ನು ಮಾಡಿಕೊಂಡು ತೃಪ್ತನಾಗುತ್ತಾನೆ. ಮೂವರೂ ಒಂದೇ ಪುಸ್ತಕದ ಮೂರು ತುಂಡುಗಳನ್ನು ಹಿಡಿದುಕೊಂಡಿದ್ದಾರೆ.

ಪುಸ್ತಕದ ಆರಂಭವೇ ಇಂತಹ ಹಂಚಿಕೆಗೆ ವಿರುದ್ಧವಾಗಿದೆ. ಗಣಿತಪ್ರಶಂಸೆಯ ಭಾಗದಲ್ಲಿ ಆಚಾರ್ಯನು ಲೌಕಿಕ, ವೈದಿಕ, ಧಾರ್ಮಿಕ ವ್ಯಾಪಾರಗಳನ್ನೆಲ್ಲ ಒಟ್ಟುಗೂಡಿಸುತ್ತಾನೆ. ಕಾಮತಂತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡಿಗೆಯ ಶಾಸ್ತ್ರ, ವೈದ್ಯ, ವಾಸ್ತುವಿದ್ಯೆ, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ, ಇವೆಲ್ಲವುಗಳಲ್ಲಿಯೂ ಗಣಿತವೇ ಆಧಾರವೆನ್ನುತ್ತಾನೆ. ಸೂರ್ಯಾದಿ ಗ್ರಹಗಳ ಗತಿ, ಗ್ರಹಣ, ಗ್ರಹಯುತಿಗಳು ಆಮೇಲೆ ಬರುತ್ತವೆ. ಈ ಕ್ರಮವು ಗಮನಿಸತಕ್ಕುದು. ಆರ್ಯಭಟನ ೪೯೯ರ ಗ್ರಂಥದಲ್ಲಿಯೂ ಬ್ರಹ್ಮಗುಪ್ತನ ೬೨೮ರ ಸಿದ್ಧಾಂತದಲ್ಲಿಯೂ ಗಣಿತವು ಜ್ಯೋತಿಷದ ಮನೆಯ ಒಂದು ಕೊಠಡಿ. ಆರ್ಯಭಟನ ಗಣಿತಪಾದವು ಮೂವತ್ತಮೂರೇ ಶ್ಲೋಕಗಳದು. ಮಹಾವೀರನಲ್ಲಿ ಗಣಿತವು ಸ್ವಂತ ಮನೆಮಾಡಿಕೊಂಡು ನಿಂತಿದೆ. ಇಂತಹ ಸ್ವತಂತ್ರ ಗ್ರಂಥವನ್ನು ಬರೆದವನು ಇವನೊಬ್ಬನೇ ಅಲ್ಲ, ಶ್ರೀಧರನೂ ಬರೆದಿದ್ದಾನೆ. ಆದರೆ ಆ ಮನೆಯನ್ನು ಇಷ್ಟು ವಿಸ್ತಾರವಾಗಿ ಕಟ್ಟಿ, ಇಷ್ಟು ಜನರನ್ನು ಅದರೊಳಕ್ಕೆ ಕರೆದವರು ಅಪೂರ್ವ.

ಯಾರಾರು ಬರುತ್ತಾರೆ? ಜಿನಾಲಯಕ್ಕೆ ತಾವರೆಗಳನ್ನು ಅರ್ಪಿಸುವ ಭಕ್ತರು, ಚಿನ್ನದ ಬಣ್ಣವನ್ನು ಒರೆಹಚ್ಚಿ ನೋಡುವ ಅಕ್ಕಸಾಲಿಗರು, ನೂರಕ್ಕೆ ತಿಂಗಳಿಗೆ ಇಷ್ಟೆಂದು ಬಡ್ಡಿ ಕಟ್ಟುವ ಸಾಹುಕಾರರು, ಮರವನ್ನು ಕೊಯ್ಯುವ ಗರಗಸದವರು, ಇಟ್ಟಿಗೆಯನ್ನು ಎಣಿಸುವವರು. ದಾರಿಯಲ್ಲಿ ಬಿದ್ದ ಹಣದ ಚೀಲವೊಂದನ್ನು ಕಂಡ ಮೂವರು ವರ್ತಕರ ಲೆಕ್ಕವು ಪ್ರಸಿದ್ಧವಾದುದು. ಇದು ನನಗೆ ದೊರೆತರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾರೆ. ಚೀಲದಲ್ಲಿ ಹದಿನೈದು, ಕೈಗಳಲ್ಲಿ ಕ್ರಮವಾಗಿ ಒಂದು, ಮೂರು, ಐದು ಎಂದಾಗ ಎಲ್ಲರ ಮಾತೂ ನಿಜವಾಗುತ್ತದೆ. ಚೀಲವು ಕಳೆದವನದು ಎಂಬ ಯೋಚನೆ ಮೂವರಲ್ಲಿ ಒಬ್ಬನಿಗೂ ಬಂದಂತಿಲ್ಲ.

ಹಲಸಿನ ಹಣ್ಣಿನ ಲೆಕ್ಕ ಇದಕ್ಕಿಂತ ಆಳವಾದುದು. ಮೂವತ್ತೆರಡು ಹಲಸಿನ ಹಣ್ಣುಗಳನ್ನು ಒಂದು ಯೋಜನ ದೂರ ಹೊತ್ತರೆ ಅವುಗಳಲ್ಲಿ ಏಳೂವರೆ ಕೂಲಿ ಎಂದು ಗೊತ್ತಾಗಿದೆ; ಹೊರುವವನು ಅರ್ಧ ದಾರಿಯಲ್ಲಿ ಸೋತು ನಿಂತನು; ಅವನಿಗೆ ಸಲ್ಲತಕ್ಕುದೆಷ್ಟು? ಅರ್ಧ ದಾರಿಗೆ ಅರ್ಧ ಕೂಲಿಯೆಂದು ಅವಸರದವನು ಹೇಳಿಯಾನು. ಕೂಲಿಯೇ ಹೊರೆಯ ಒಂದು ಭಾಗವಾಗಿರುವುದರಿಂದ ವಿಷಯ ಅಷ್ಟು ಸುಲಭವಲ್ಲ. ಇದಕ್ಕಾಗಿಯೇ ಆಚಾರ್ಯನು ಪ್ರತ್ಯೇಕವಾಗಿ ಒಂದು ನಿಯಮವನ್ನು ಕೊಟ್ಟಿದ್ದಾನೆ. ಇಲ್ಲಿ ಗಣಿತವು ನ್ಯಾಯವಿಚಾರಕ್ಕೆ ಇಳಿದಿದೆ. ಬಳಲಿ ಬಿದ್ದವನಿಗೆ ಏನೂ ಸಲ್ಲುವುದಿಲ್ಲವೆಂದು ಅದು ಹೇಳುವುದಿಲ್ಲ, ಕರುಣೆಯಿಂದ ಎಷ್ಟಾದರೂ ಕೊಡಬಹುದೆಂದೂ ಹೇಳುವುದಿಲ್ಲ, ಸಲ್ಲತಕ್ಕುದನ್ನು ಎಣಿಸುತ್ತದೆ. ಸೂತ್ರವನ್ನು ಮಾತ್ರ ಎತ್ತಿಕೊಂಡು ಹೊರೆಯವನನ್ನು ಬಿಟ್ಟ ಇತಿಹಾಸಕಾರನಿಗೆ ಈ ಸೂತ್ರ ಏಕೆ ಹುಟ್ಟಿತೆಂಬುದು ತಿಳಿಯಲಾರದು.

ಹಾಗೆಂದು ಲೆಕ್ಕಗಳನ್ನು ಶಾಸನಗಳಂತೆ ನಂಬುವುದೂ ತರವಲ್ಲ. ಒಂದೂವರೆ ಲಕ್ಷ ಮುತ್ತಿನ ಹಾರವೇ ಅದಕ್ಕೆ ಎಚ್ಚರಿಕೆ. ಉತ್ತರವು ಚೆನ್ನಾಗಿ ಬರಲೆಂದು ಕಲ್ಪಿಸಿದ ಅಂಕಿಗಳಿಂದ ಒಂಬತ್ತನೆಯ ಶತಮಾನದ ಪೇಟೆಧಾರಣೆಯನ್ನು ತಿಳಿಯುವೆವೆಂದರೆ ನಗೆಪಾಟಲಾಗುತ್ತದೆ. ಆದರೆ ಲೆಕ್ಕಗಾರನು ಅಂಕಿಯನ್ನು ಕಲ್ಪಿಸಬಲ್ಲನೇ ಹೊರತು ವ್ಯವಹಾರವನ್ನು ಕಲ್ಪಿಸುವುದು ಅಪರೂಪ. ಓದುವ ಹುಡುಗನಿಗೆ ಗುರುತು ಸಿಕ್ಕದ ವ್ಯವಹಾರದಿಂದ ಪಾಠವಾಗದು. ಭಾಸ್ಕರಾಚಾರ್ಯನ ೧೧೫೦ರ ಕಾಲದ ಲೀಲಾವತಿಯಲ್ಲಿ ಒಂದು ಲೆಕ್ಕವಿದೆ: ಹದಿನಾರು ವರ್ಷದ ದಾಸಿಗೆ ಮೂವತ್ತೆರಡು ನಿಷ್ಕವಾದರೆ ಇಪ್ಪತ್ತು ವರ್ಷದವಳಿಗೆಷ್ಟು? ವ್ಯಸ್ತತ್ರೈರಾಶಿಕದಿಂದ ಇಪ್ಪತ್ತೈದು ನಿಷ್ಕ ಮತ್ತು ಐದನೆಯ ಮೂರು ಪಾಲು. ಮೂವತ್ತೆರಡು ನಿಷ್ಕವೆಂಬ ಬೆಲೆ ಸುಳ್ಳಿರಬಹುದು. ಹೆಣ್ಣುಮಕ್ಕಳನ್ನು ಮಾರುತ್ತಿದ್ದರೆಂಬುದೂ, ವಯಸ್ಸು ಏರಿದಂತೆ ಬೆಲೆ ಇಳಿಯುವುದೆಂದು ಪಾಠಶಾಲೆಯಲ್ಲಿ ಶಂಕೆಯಿಲ್ಲದೆ ಹೇಳಿಕೊಡುತ್ತಿದ್ದರೆಂಬುದೂ ಸುಳ್ಳಲ್ಲ. ಇದನ್ನು ಮುಚ್ಚಿಟ್ಟು ಭಾಸ್ಕರನ ಬುದ್ಧಿಯನ್ನು ಮಾತ್ರ ಕೊಂಡಾಡುವ ಲೇಖನಗಳು ಬಹಳವಿವೆ. ಅವು ಭಾಸ್ಕರನಿಗೂ ಉಪಕಾರಮಾಡಿಲ್ಲ.

ಮಹಾವೀರನ ಗಣಿತಶಕ್ತಿಯಲ್ಲಿ ಸಂದೇಹಕ್ಕೆಡೆಯಿಲ್ಲ. ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಹೇಳಿದುದು ಸ್ಪಷ್ಟವಾದ ಆಲೋಚನೆಯ ಫಲ. ವಸ್ತುಗಳನ್ನು ಕೂಟಗಳಾಗಿ ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನು ಕೊಡುತ್ತಾನೆ. ಉದಾಹರಣೆಗೆ ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ತೆಗೆದುಕೊಳ್ಳುತ್ತಾನೆ. ಅವುಗಳಿಂದ ಅರುವತ್ತಮೂರು ಬಗೆಗಳಾಗುತ್ತವೆ. ಅಡಿಗೆಯ ಶಾಸ್ತ್ರಕ್ಕೂ ಗಣಿತ ಬೇಕೆಂದು ಮೊದಲಲ್ಲಿ ಹೇಳಿದ ಮಾತು ಬರಿಯ ಹೊಗಳಿಕೆಯಲ್ಲವೆಂದು ಇಲ್ಲಿ ತಿಳಿಯುತ್ತದೆ. ಒಂದನ್ನು ಎರಡನೆಯ ಒಂದು, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಎಂಬಂತೆ ಏಕಾಂಶದ ಭಿನ್ನಗಳಾಗಿ ಒಡೆಯುವ ವಿಧಾನವೂ ಸೊಗಸಾದುದು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಲ್ಪಡುವ ಇಂತಹ ಸಂಖ್ಯೆಗಳನ್ನು ಅರಸರ ಕಂಠಾಭರಣಗಳೆಂದು ಅವನು ಮೆಚ್ಚಿ ಹೇಳುವಾಗ ಆಸ್ಥಾನದ ವಿನೋದದ ಗಾಳಿ ಬೀಸುತ್ತದೆ.

ದೋಷಗಳೂ ಇವೆ. ಯಾವುದೇ ರಾಶಿಯನ್ನು ಶೂನ್ಯದಿಂದ ಭಾಗಿಸಿದರೆ ರಾಶಿಯು ಬದಲಾಗದೆ ಉಳಿಯುವುದೆಂದು ಹೇಳಿದ್ದಾನೆ. ಹಂಚಿಕೊಳ್ಳುವವರು ಯಾರೂ ಇಲ್ಲದಿದ್ದರೆ ಗಂಟು ಹಾಗೆಯೇ ಉಳಿಯುವುದೆಂಬ ಪೇಟೆಯ ಬುದ್ಧಿ ಇದಾಗಿರಬಹುದು. ವೃತ್ತದ ಪರಿಧಿಗೆ ವ್ಯಾಸದ ಮೂರರಷ್ಟನ್ನು ಸ್ಥೂಲವಾಗಿಯೂ ಹತ್ತರ ವರ್ಗಮೂಲದಷ್ಟನ್ನು, ಎಂದರೆ ೩.೧೬೨೩ರಷ್ಟನ್ನು, ಸೂಕ್ಷ್ಮವಾಗಿಯೂ ಹೇಳುತ್ತಾನೆ. ಮುನ್ನೂರೈವತ್ತು ವರ್ಷಗಳ ಹಿಂದೆಯೇ ಆರ್ಯಭಟನು ೩.೧೪೧೬ನ್ನು ಕೊಟ್ಟಿದ್ದನು. ಆದರೂ ಹತ್ತರ ಮೂಲವನ್ನು ಬಿಡದಿರುವುದು ಜೈನಾಗಮದ ಪರಂಪರೆಯ ಮೇಲಣ ನಿಷ್ಠೆ.

ದೀರ್ಘವೃತ್ತದ ವಿಷಯ ಇನ್ನೂ ವಿಚಿತ್ರ. ಆಯತವೃತ್ತವೆಂಬ ಹೆಸರಿನಿಂದ ಅದನ್ನು ಮಹಾವೀರನು ವಿಚಾರಮಾಡಿದ್ದಾನೆ; ಪ್ರಾಚೀನ ಭಾರತೀಯ ಗಣಿತದಲ್ಲಿ ಇದು ಬಹು ವಿರಳ. ಅಭಿಮಾನಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಅವನ ನಿಯಮವನ್ನು ಉದ್ದ ೩೬, ಅಗಲ ೧೨ ಇರುವ ಆಕೃತಿಗೆ ಹಚ್ಚಿ ನೋಡಬೇಕು. ಪರಿಧಿಯು ೭೭.೮ರಷ್ಟು ಬರುತ್ತದೆ, ನಿಜವಾದುದು ೮೦.೨. ಕೇವಲ ಊಹೆಯಿಂದ ಇಷ್ಟು ಹತ್ತಿರಕ್ಕೆ ಬರಲಾಗದು. ಕ್ಷೇತ್ರಫಲಕ್ಕೆ ಮಾತ್ರ ಪರಿಧಿಯನ್ನು ಕಿರಿಯ ವ್ಯಾಸದ ನಾಲ್ಕನೆಯ ಒಂದು ಪಾಲಿನಿಂದ ಗುಣಿಸಲು ಹೇಳುತ್ತಾನೆ. ವೃತ್ತಕ್ಕೆ ಸರಿಯಾದ ಆ ಕ್ರಮವು ಇಲ್ಲಿ ೨೩೩ನ್ನು ಕೊಡುತ್ತದೆ, ನಿಜವಾದುದು ೩೩೯. ಇದು ಹಾಳೆಯ ಮೇಲಿನ ತಪ್ಪು ಮಾತ್ರವೆನ್ನುವವರು ಮುಂದಿನ ಅಧ್ಯಾಯವನ್ನು ತೆರೆಯಬೇಕು. ಅಲ್ಲಿ ಕ್ಷೇತ್ರಫಲವನ್ನು ಆಳದಿಂದ ಗುಣಿಸಿ ತೋಡಿದ ಮಣ್ಣನ್ನು ಎಣಿಸುತ್ತಾರೆ. ಈ ಲೆಕ್ಕವನ್ನು ನಂಬಿ ಯಾರಾದರೂ ಅಂಡಾಕೃತಿಯ ಕೊಳವೊಂದನ್ನು ಅಗೆಸಿದರೆ, ಮಣ್ಣು ಹೊತ್ತವನ ಕೂಲಿಯಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಕಾಣೆಯಾಗುತ್ತದೆ. ಹಲಸಿನ ಹೊರೆಯವನಿಗೆ ನ್ಯಾಯ ಹೇಳಿದ ಆಚಾರ್ಯನೇ ಮಣ್ಣು ಹೊರುವವನಿಗೆ ತಿಳಿಯದೆ ಅನ್ಯಾಯಮಾಡಿದಂತಾಯಿತು. ಕ್ಷೇತ್ರಗಣಿತವನ್ನು ಬಲ್ಲವನೊಬ್ಬನಿಗೇ ತಪ್ಪು ಕಾಣುತ್ತದೆ. ಖಾತವ್ಯವಹಾರವನ್ನೂ ಕೂಡಿಸಿ ಓದಿದವನಿಗೆ ಅದರ ತೂಕ ತಿಳಿಯುತ್ತದೆ.

ಕಡೆಯ ಅಧ್ಯಾಯ ನೆರಳಿನದು. ಆಕಾಶವು ಗ್ರಂಥದೊಳಕ್ಕೆ ಇಳಿಯುವುದು ಇಲ್ಲಿಯೇ, ಅದೂ ನೆಲದ ಮೇಲೆ ನೆಟ್ಟ ಒಂದು ಗೂಟದ ಮೂಲಕ. ನೆರಳು ಗೂಟದ ಎಷ್ಟರಷ್ಟಿದೆಯೋ ಅದಕ್ಕೆ ಒಂದನ್ನು ಕೂಡಿಸಿ, ಇಮ್ಮಡಿಸಿ, ಬಂದುದರಿಂದ ಒಂದನ್ನು ಭಾಗಿಸಿದರೆ ಹಗಲಿನಲ್ಲಿ ಕಳೆದ ಅಥವಾ ಉಳಿದ ಅಂಶವು ಸಿಕ್ಕುತ್ತದೆ. ನೆರಳು ಗೂಟದಷ್ಟೇ ಇದ್ದರೆ ಹಗಲಿನ ಕಾಲುಭಾಗ. ವಿಷುವದಿನದಲ್ಲಿ ಭೂಮಧ್ಯರೇಖೆಯ ಮೇಲೆ ಇದು ಪೂರ್ಣವಾಗಿ ಸರಿ. ನೆರಳು ಎರಡರಷ್ಟಿದ್ದರೆ ನಿಯಮದಂತೆ ಎರಡು ಗಂಟೆ, ನಿಜದಲ್ಲಿ ಸುಮಾರು ಒಂದು ಗಂಟೆ ನಲವತ್ತಾರು ನಿಮಿಷ. ರಾಷ್ಟ್ರಕೂಟರ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು, ಭೂಮಧ್ಯರೇಖೆಯಿಂದ ಹದಿನೇಳು ಅಂಶಗಳಷ್ಟು ಉತ್ತರಕ್ಕಿದೆ; ಅಲ್ಲಿ ವಿಷುವದ ನಡುಹಗಲಿನಲ್ಲಿಯೂ ಹನ್ನೆರಡು ಅಂಗುಲದ ಗೂಟಕ್ಕೆ ಸುಮಾರು ೩.೭ ಅಂಗುಲ ನೆರಳಿರುತ್ತದೆ. ಮಧ್ಯಾಹ್ನದ ನೆರಳಿರುವ ಊರುಗಳಿಗೆ ಬೇರೆ ನಿಯಮವನ್ನೂ ಆಚಾರ್ಯನು ಹೇಳಿರುವುದರಿಂದ, ಈ ತೊಡಕು ಅವನಿಗೆ ತಿಳಿದಿದ್ದಿತು. ಜ್ಯೋತಿಷಿಗೆ ಈ ಅಧ್ಯಾಯವು ತೀರ ಅಲ್ಪವೆಂದು ತೋರಬಹುದು. ಜ್ಯಾಗಣಿತವಿಲ್ಲದೆ, ಗೂಟವೊಂದರಿಂದ ಹೊತ್ತನ್ನು ತಿಳಿಯಬೇಕಾದ ಗೃಹಸ್ಥನಿಗೆ ಇದು ಸಾಕು. ಗ್ರಂಥವು ಬರೆಯಲ್ಪಟ್ಟುದು ಅವನಿಗಾಗಿ.

ಹಾಗಾದರೆ ಆ ಗೃಹಸ್ಥನ ಮಾತಿನಲ್ಲಿಯೇ ಏಕೆ ಬರೆಯಲಿಲ್ಲ? ಕನ್ನಡದಲ್ಲಿ ಕಾವ್ಯಲಕ್ಷಣವನ್ನು ಹೇಳಬಹುದೆಂದು ತೋರಿಸಿಕೊಟ್ಟ ಆಸ್ಥಾನದಲ್ಲಿಯೇ ಲೆಕ್ಕದ ಪುಸ್ತಕವು ಸಂಸ್ಕೃತದಲ್ಲಿ ಹೊರಟಿತು. ಸಂಸ್ಕೃತದಿಂದ ಅದರ ಕೀರ್ತಿ ಹಬ್ಬಿತೆಂಬುದು ನಿಜ. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಅದನ್ನು ತೆಲುಗು ಪದ್ಯಗಳಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಬರೆದು, ಸೂತ್ರಗಳನ್ನು ನಾಡಿನ ಅಳತೆ ತೂಕಗಳಿಗೆ ಹೊಂದಿಸಿದನು. ಅವನು ಮಹಾವೀರನ ಅನುವಾದಕನಲ್ಲ, ತನ್ನ ದಾರಿಯನ್ನು ತಾನೇ ತುಳಿದವನು. ಮಹಾವೀರನ ಗ್ರಂಥವೇ ಟಿಪ್ಪಣಿಗಳೊಡನೆ ಕನ್ನಡಾನುವಾದವಾಗಿ ಹೊಂಬುಜದ ಜೈನಮಠದಿಂದ ಅಚ್ಚಾಗಿ ಬಂದುದು ೨೦೦೦ದಲ್ಲಿ, ಅನುವಾದಿಸಿದವರು ಪದ್ಮಾವತಮ್ಮನವರು. ಇಂಗ್ಲಿಷಿನವರಿಗೆ ಎಂಬತ್ತೆಂಟು ವರ್ಷ ಮೊದಲೇ ದೊರೆತ ಪುಸ್ತಕ ಕನ್ನಡದ ಮನೆಗಳಿಗೆ ಹೀಗೆ ತಡವಾಗಿ ತಲಪಿತು. ಈಗ ಮೂಲವೂ ಅನುವಾದವೂ ಕೈಗೆಟುಕುವಂತಿರುವಾಗ, ರಾಜಾದಿತ್ಯನ ಅಳತೆಗಳನ್ನು ಅದೇ ಕಾಲದ ಕನ್ನಡ ದಾನಶಾಸನಗಳ ಮತ್ತರು ಗದ್ಯಾಣಗಳೊಡನೆ ಎದುರಿಟ್ಟು ನೋಡುವ ಕೆಲಸಕ್ಕೆ ಗಣಿತಜ್ಞನೂ ಶಾಸನಜ್ಞನೂ ಒಂದೇ ಮೇಜಿನ ಬಳಿ ಕುಳಿತುಕೊಳ್ಳಬೇಕಾಗಿದೆ.