ಶರಪಂಜರ ಮತ್ತು ಒಂದು ರಸೀದಿ

ಅಕ್ಕನ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ತಿಂಗಳು ಪೀಣ್ಯದ ನಮ್ಮ ಮನೆಗೆ ಬಂದಿದ್ದಾಗ ಅವಳ ಬ್ಯಾಗಿನಿಂದ ಒಂದು ರಸೀದಿ ಬಿತ್ತು. ಆಪ್ತಸಮಾಲೋಚನೆ, ಐವತ್ತು ನಿಮಿಷ, 1,500 ರೂಪಾಯಿ.

"ಏನೇ ಇದು, ಮಾತಾಡೋಕೂ ದುಡ್ಡು ಕೊಡ್ತೀಯಾ?" ಎಂದೆ.

ಅವಳು ನಗಲಿಲ್ಲ. "ಹೌದು ಚಿಕ್ಕಮ್ಮ. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತೆ."

ಆ ಮಾತು ಚುಚ್ಚಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಆ ರಾತ್ರಿ ನಿದ್ದೆ ಬಾರದೆ ತ್ರಿವೇಣಿಯವರ 'ಶರಪಂಜರ'ವನ್ನು ಮತ್ತೆ ಕೈಗೆತ್ತಿಕೊಂಡೆ. ನಮ್ಮ ವಯಸ್ಸಿನ ಹೆಂಗಸರಲ್ಲಿ ಅದನ್ನು ಓದದವರು ಕಡಿಮೆ. ಓದದವರೂ ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾದ ಕಲ್ಪನಾ ಅವರನ್ನು ಮರೆತಿರಲಾರರು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ, ಕೊನೆಗೆ ಮತ್ತೆ ಆಸ್ಪತ್ರೆಗೇ ಮರಳುತ್ತಾಳೆ.

ಮೊದಲ ಸಲ ಓದಿದಾಗ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಈ ಸಲ ಕಂಡದ್ದೇ ಬೇರೆ. ಇಲ್ಲಿ ವೈದ್ಯರು ಸೋತಿಲ್ಲ, ಚಿಕಿತ್ಸೆ ಫಲಿಸಿದೆ. ಸೋತಿರುವುದು ಮನೆ. ಗುಣವಾಗಿ ಬಂದವಳು ನಕ್ಕರೂ ಅನುಮಾನ, ಮುನಿದರೂ ಅನುಮಾನ. ಅವಳ ಕಾಯಿಲೆ ಹತ್ತು ಜನರ ಬಾಯಿಗೆ ಬಿದ್ದಿದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಕಾಯಿಲೆಗೆ ಕೊಟ್ಟಷ್ಟೇ ಗಮನವನ್ನು ಈ ಬಾಯಿಗಳಿಗೂ ಕೊಟ್ಟರು. ಅವರು ತೀರಿಕೊಂಡದ್ದು 1963ರಲ್ಲಿ. ಅರವತ್ತು ವರ್ಷ ಕಳೆದರೂ ಪುಸ್ತಕ ಹಳತಾಗದಿರುವುದಕ್ಕೆ ಇದೇ ಕಾರಣ.

ಆದರೆ ಒಂದು ಕೊರತೆಯೂ ಕಂಡಿತು. ಕಾವೇರಿಗೆ ಇರುವುದು ಎರಡೇ ಜಾಗ: ಮನೆ, ಇಲ್ಲವೇ ಆಸ್ಪತ್ರೆ. ಒಂದು ಗಂಟೆ ಕೂತು ಮಾತಾಡಿ, ಸಂಜೆ ಮನೆಗೆ ಬಂದು ಒಲೆ ಹಚ್ಚಬಹುದಾದ ಮೂರನೆಯ ಜಾಗವಿಲ್ಲ. ಇದು ಲೇಖಕಿಯ ತಪ್ಪಲ್ಲ, ಆ ಕಾಲದ ಬಡತನ.

ಪುಟ್ಟಣ್ಣನವರದೇ 1982ರ 'ಮಾನಸ ಸರೋವರ' ಇದರ ಇನ್ನೊಂದು ಮುಖ. ಅಲ್ಲಿ ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸುತ್ತಾನೆ. ಅವಳು ಬೇರೊಬ್ಬನನ್ನು ಮೆಚ್ಚಿದಾಗ ತಾನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಹಿಂದೆ ಅದನ್ನು ನೋಡಿ ಅತ್ತಿದ್ದೆ. ಈಗ ಅನ್ನಿಸುತ್ತದೆ, ಗುಣಪಡಿಸಿದ್ದಕ್ಕೆ ಪ್ರೀತಿಯನ್ನು ಬಯಸುವ ವೈದ್ಯನಿಗಿಂತ ಫೀಸು ಕೇಳುವವರೇ ವಾಸಿ. ಫೀಸು ಒಂದು ಬೇಲಿ. ಕೊಟ್ಟು ಎದ್ದು ಬಂದರೆ ಋಣ ಮುಗಿಯಿತು.

ಇನ್ನು ನನ್ನ ಮಾತು. ಮೂರು ವರ್ಷದ ಹಿಂದೆ ಈ ಹುಡುಗಿ ನನ್ನ ಮಡಿಲಲ್ಲಿ ತಲೆಯಿಟ್ಟು, ಬದುಕೇ ಬೇಡವೆನಿಸುತ್ತದೆ ಎಂದು ಅತ್ತಿದ್ದಳು. ನಾನು ಸಮಾಧಾನ ಹೇಳಿದೆ. ಆಮೇಲೆ ಒಂದು ಮದುವೆ ಮನೆಯಲ್ಲಿ, ಕಾಳಜಿಯಿಂದಲೇ, ನಾಲ್ಕು ಜನರ ಹತ್ತಿರ ಹೇಳಿಯೂ ಬಿಟ್ಟೆ. ತಿಂಗಳೊಳಗೆ ಅವಳಿಗೆ ನೋಡಿದ್ದ ಗಂಡಿನ ಕಡೆಯವರು ಹಿಂದೆ ಸರಿದರು. ಆ ರಸೀದಿಯಲ್ಲಿ ನನ್ನ ಪಾಲೂ ಇದೆ.

ಹಾಗೆಂದು ಎಲ್ಲರೂ ದುಡ್ಡು ಕೊಟ್ಟೇ ಅಳಬೇಕೆ? ನಮ್ಮ ಹಿಂದಿನ ಬೀದಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿಗೆ 1,500 ಎಂದರೆ ಸುಮಾರು ಮೂರು ದಿನದ ದುಡಿಮೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಖರ್ಚು ಕಡಿಮೆ, ಆದರೆ ಪೀಣ್ಯದಿಂದ ಹೋಗಿ ಸರದಿಯಲ್ಲಿ ಕೂತು ಬಂದರೆ ಒಂದು ದಿನದ ಸಂಬಳ ಹೋಯಿತು. ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಆದರೆ ವಿಮೆ ಹೆಚ್ಚಾಗಿ ಒದಗುವುದು ಆಸ್ಪತ್ರೆಗೆ ದಾಖಲಾದರೆ. ಗಂಟೆಯ ಮಾತಿಗೆ ಸಾಮಾನ್ಯವಾಗಿ ಕೈಯಿಂದಲೇ ಕೊಡಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್‌ನ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದೇ ಕೋಣೆಯ ಮನೆಯಲ್ಲಿ ಯಾರಿಗೂ ಕೇಳಿಸದಂತೆ ಮಾತಾಡುವ ಮೂಲೆ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಹೊರಡುವಾಗ ರಸೀದಿಯನ್ನು ಅವಳ ಕೈಗೆ ಕೊಟ್ಟಿದ್ದೆ. ಅಲ್ಲಿ ಏನು ಹೇಳುತ್ತಾಳೆಂದು ಕೇಳಲು ನಾಲಗೆ ತುದಿಯವರೆಗೆ ಬಂತು, ಕೇಳಲಿಲ್ಲ. ಅಕ್ಕ ಫೋನ್ ಮಾಡಿ, "ಹುಡುಗಿ ಹೇಗಿದ್ದಾಳೆ?" ಎಂದಳು. "ಚೆನ್ನಾಗಿದ್ದಾಳೆ, ಊಟ ಮಾಡಿ ಹೋದಳು" ಎಂದೆ. ಅಷ್ಟೇ ಹೇಳಿದೆ.